ಸ್ನ್ಯಾಪ್‌ಗೆ ಮುಂಚಿನ ಮೂರು ಸೆಕೆಂಡು

ಸೇರಿದ ಮೊದಲ ವಾರವೇ ಬೈಸಿಕೊಂಡೆ. ನಾನು ಕತ್ತರಿಸಿ ಕೊಟ್ಟ ವಿಡಿಯೋ ಬಹಳ ಚೆನ್ನಾಗಿದೆ ಅಂದುಕೊಂಡಿದ್ದೆ. ಪ್ರತಿ ಕ್ಲಿಪ್ಪೂ ಚೆಂಡು ಕೈ ಬಿಟ್ಟ ಕ್ಷಣಕ್ಕೆ, ಅಂದರೆ ಸ್ನ್ಯಾಪ್‌ಗೆ ಶುರು, ಸೀಟಿ ಊದಿದ ಕೂಡಲೇ ಮುಗಿತು. ಒಂದು ಫ್ರೇಮೂ ದಂಡವಿಲ್ಲ. ಕೋಚ್ ರಿಮೋಟನ್ನು ಮೇಜಿನ ಮೇಲೆ ಇಟ್ಟು ಹೇಳಿದರು: "ಸ್ನ್ಯಾಪ್ ಆದಮೇಲೆ ಏನಾಯ್ತು ಅಂತ ಸ್ಟೇಡಿಯಂನಲ್ಲಿ ಹಾಟ್‌ಡಾಗ್ ತಿನ್ನೋನಿಗೂ ಗೊತ್ತು. ಅದಕ್ಕೆ ಮುಂಚಿನ ಮೂರು ಸೆಕೆಂಡು ಎಲ್ಲಿ?"

ಅದು 2016. ನಾನು ಎಂ.ಎಸ್. ಮಾಡಲು ಅಮೆರಿಕಕ್ಕೆ ಹೋಗಿದ್ದೆ. ಲೈಬ್ರರಿ ಕೆಲಸ, ಕ್ಯಾಂಟೀನ್ ಕೆಲಸ ಎರಡೂ ನಮ್ಮ ಸೀನಿಯರ್‌ಗಳ ಪಾಲಾಗಿದ್ದವು. ಉಳಿದದ್ದು ಯೂನಿವರ್ಸಿಟಿ ಫುಟ್‌ಬಾಲ್ ತಂಡದ ವಿಡಿಯೋ ರೂಮು. ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವ ಅವರ ಫುಟ್‌ಬಾಲ್. ನಾಲ್ಕು ಅವಕಾಶದಲ್ಲಿ ಹತ್ತು ಗಜ ಮುಂದಕ್ಕೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಇಷ್ಟು ಗೊತ್ತಿದ್ದರೆ ಈ ಬರಹಕ್ಕೆ ಸಾಕು. ನನಗೆ ಆಗ ಅಷ್ಟೂ ಗೊತ್ತಿರಲಿಲ್ಲ.

ವೀಸಾ ನಿಯಮದಂತೆ ತರಗತಿ ನಡೆಯುವಾಗ ನಾನು ವಾರಕ್ಕೆ 20 ಗಂಟೆಗಿಂತ ಜಾಸ್ತಿ ದುಡಿಯುವಂತಿರಲಿಲ್ಲ. ತಮಾಷೆ ಎಂದರೆ, ಸೀಸನ್‌ನಲ್ಲಿ ಆಟಗಾರರಿಗೂ ಕಾಲೇಜು ಕ್ರೀಡೆ ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎ ಇಟ್ಟಿದ್ದ ಮಿತಿ ವಾರಕ್ಕೆ 20 ಗಂಟೆಯೇ. ಕೋಚ್‌ಗಳಿಗೆ ಮಾತ್ರ ಯಾವ ಲೆಕ್ಕವೂ ಇಲ್ಲ. ನಾನು ಬೆಳಿಗ್ಗೆ ಆರಕ್ಕೆ ಬಂದರೆ, ಮೊದಲ ವಾರ ನನ್ನನ್ನು ಬೈದ ಆಫೆನ್ಸಿವ್ ಲೈನ್ ಕೋಚ್ ರೂಮಿನಲ್ಲಿ ದೀಪ ಉರಿಯುತ್ತಿರುತ್ತಿತ್ತು. ರಾತ್ರಿ ಹೋಗುವಾಗಲೂ ಉರಿಯುತ್ತಿತ್ತು. ನಮ್ಮೂರು ಅರಸೀಕೆರೆ ಅಂತ ಎಷ್ಟು ಸಲ ಹೇಳಿದರೂ ಅವರಿಗೆ ನಾನು "ಬ್ಯಾಂಗಲೋರ್". ಕೊನೆಗೆ ಹೇಳುವುದನ್ನೇ ಬಿಟ್ಟೆ.

ಆಫೆನ್ಸಿವ್ ಲೈನ್ ಅಂದರೆ ಮುಂದೆ ಸಾಲಾಗಿ ಬಗ್ಗಿ ನಿಲ್ಲುವ ಐದು ದಢೂತಿ ಹುಡುಗರು. ನಡುವಿನವನು ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ, ಅದೇ ಸ್ನ್ಯಾಪ್. ಆಮೇಲೆ ಐವರೂ ಎದುರಿನವರನ್ನು ತಡೆಯಬೇಕು. ಚೆಂಡು ಅವರ ಕೈಗೆ ಮತ್ತೆ ಸಿಗುವುದು ಅಪರೂಪ. ಅವರ ನಂಬರ್ ಮೈಕಿನಲ್ಲಿ ಕೇಳುವುದು ಎದುರಾಳಿಯನ್ನು ಹಿಡಿದೆಳೆದು ಹತ್ತು ಗಜ ದಂಡ ತೆತ್ತಾಗ ಮಾತ್ರ. ಇಂಥವರಿಗೆ ಕಲಿಸುವವನ ಹೆಸರು ಇನ್ನೆಷ್ಟು ಜನಕ್ಕೆ ಗೊತ್ತಿರುತ್ತದೆ ಹೇಳಿ.

ನನ್ನ ಕೆಲಸ ಇಷ್ಟು. ಪ್ರಾಕ್ಟೀಸನ್ನು ಎರಡು ಕಡೆಯಿಂದ ಶೂಟ್ ಮಾಡುವುದು, ಒಂದು ಮೈದಾನದ ಪಕ್ಕದಿಂದ, ಇನ್ನೊಂದು ತುದಿಯಿಂದ. ಕ್ಯಾಮೆರಾ ಹಿಡಿದು, ಎತ್ತರಕ್ಕೆ ಏರಿಸುವ ಅಟ್ಟಣೆಯಂಥ ಲಿಫ್ಟ್ ಮೇಲೆ ನಿಲ್ಲಬೇಕು. ಗಾಳಿ ಜೋರಾದರೆ ಯಾರನ್ನೂ ಕೇಳದೆ ಕೆಳಗಿಳಿ ಅನ್ನುವುದು ಮೊದಲ ದಿನದ ಪಾಠ. 2010ರಲ್ಲಿ ಇನ್ನೊಂದು ಯೂನಿವರ್ಸಿಟಿಯಲ್ಲಿ ಇದೇ ಕೆಲಸದಲ್ಲಿದ್ದ ವಿದ್ಯಾರ್ಥಿಯೊಬ್ಬ ಗಾಳಿಗೆ ಲಿಫ್ಟ್ ಉರುಳಿ ಸತ್ತಿದ್ದ. ಶೂಟ್ ಆದಮೇಲೆ ಎಲ್ಲ ಕತ್ತರಿಸಿ, ಪ್ರತಿ ಕ್ಲಿಪ್ಪಿಗೂ ಎಷ್ಟನೇ ಅವಕಾಶ, ಎಷ್ಟು ಗಜ ಬಾಕಿ, ಯಾವ ಫಾರ್ಮೇಶನ್, ಏನಾಯಿತು ಅಂತ ಗುರುತು ಹಾಕುವುದು. ಹಾಗೆ ವಿಂಗಡಿಸಿದ ಕ್ಲಿಪ್ಪುಗಳ ಕಂತೆಗೆ ಅಲ್ಲಿ ಕಟ್‌ಅಪ್ ಅನ್ನುತ್ತಾರೆ.

ಆ ಹೆಸರು ಹೇಗೆ ಬಂತು ಅಂತ ಗೊತ್ತಾಗಿದ್ದು ಕೋಚ್ ಬಾಯಲ್ಲೇ. ಅವರು ಈ ಕೆಲಸಕ್ಕೆ ಬಂದದ್ದು 1982ರಲ್ಲಿ, ಗ್ರ್ಯಾಜುಯೇಟ್ ಅಸಿಸ್ಟೆಂಟ್ ಆಗಿ, ಅಂದರೆ ಓದುತ್ತಲೇ ಕೋಚ್‌ಗಳಿಗೆ ನೆರವಾಗುವ ಹುಡುಗನಾಗಿ. ಆಗ 16 ಎಂಎಂ ಫಿಲಂ. ಶನಿವಾರ ಮ್ಯಾಚ್ ಮುಗಿದ ಮೇಲೆ ಡಬ್ಬಿ ಹೊತ್ತುಕೊಂಡು ಲ್ಯಾಬಿಗೆ ಕಾರು ಓಡಿಸಬೇಕು, ತೊಳೆದು ಕೊಡುವ ತನಕ ಅಲ್ಲೇ ಬೆಂಚಿನ ಮೇಲೆ ನಿದ್ದೆ. ಭಾನುವಾರ ಬೆಳಿಗ್ಗೆ ಬ್ಲೇಡಿನಿಂದ ಫಿಲಂ ಕತ್ತರಿಸಿ, ತುಂಡುಗಳನ್ನು ಗೋಡೆಯ ಮೊಳೆಗಳಿಗೆ ನೇತುಹಾಕಿ, ಬೇಕಾದ ಸಾಲಿನಲ್ಲಿ ಟೇಪು ಹಚ್ಚಿ ಜೋಡಿಸುವುದು. ಎದುರಾಳಿ ತಂಡದ ಫಿಲಂ ಬೇಕಾದರೆ ಆ ಕಡೆಯ ಹುಡುಗ ಅರ್ಧ ದಾರಿ, ಇವರು ಅರ್ಧ ದಾರಿ, ಪೆಟ್ರೋಲ್ ಬಂಕಿನಲ್ಲಿ ಅದಲು ಬದಲು. ಆಮೇಲೆ ವಿಡಿಯೋ ಟೇಪು ಬಂತು, ಕಂಪ್ಯೂಟರ್ ಬಂತು, ಎಲ್ಲ ಬಂತು. ಕತ್ತರಿಸುವ ಶಬ್ದ ನಿಂತುಹೋಯಿತು, ಮಾತು ಉಳಿಯಿತು.

ಭಾನುವಾರ ಮಾರ್ಕು ಹಾಕುವ ದಿನ. ಒಂದು ಮ್ಯಾಚಿನಲ್ಲಿ ಹತ್ತಿರ ಹತ್ತಿರ 70 ಸ್ನ್ಯಾಪ್, ಐದು ಹುಡುಗರು, ಅಂದರೆ 350 ಸಲ ಪ್ಲಸ್ಸೋ ಮೈನಸ್ಸೋ ಬರೆಯಬೇಕು. ನಾನು ರಿಮೋಟ್ ಒತ್ತುತ್ತ ಪಕ್ಕದಲ್ಲಿ ಕೂರುತ್ತಿದ್ದೆ. ಒಂದು ಭಾನುವಾರ, ಸೋತ ಮ್ಯಾಚು, ಒಂದೇ ಕ್ಲಿಪ್ಪನ್ನು ಹದಿನೈದು ಸಲ ಹಿಂದಕ್ಕೆ ಹಾಕಿಸಿದರು. "ಬಲಗಡೆ ಗಾರ್ಡ್. ಹಿಮ್ಮಡಿ ನೋಡು."

ಗಾರ್ಡ್ ಅಂದರೆ ಐವರಲ್ಲಿ ನಡುವಿನವನ ಪಕ್ಕದವನು. ನೋಡಿದೆ. ಚೆಂಡು ಹಿಡಿದು ಓಡುವ ಆಟವಾದರೆ ಆ ಹುಡುಗನ ಹಿಮ್ಮಡಿ ಮೇಲೆದ್ದಿರುತ್ತದೆ, ಭಾರವೆಲ್ಲ ಮುಂದಿನ ಕೈ ಮೇಲೆ. ಚೆಂಡು ಎಸೆಯುವ ಪಾಸ್ ಆದರೆ ಹಿಮ್ಮಡಿ ನೆಲಕ್ಕೆ ತಾಗಿರುತ್ತದೆ. ಅವನಿಗೇ ಗೊತ್ತಿಲ್ಲ. ಆದರೆ ಎದುರಾಳಿಯ ಮುಂದಿನ ಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್‌ಗೆ ಗೊತ್ತಾಗಿತ್ತು. ಇವನನ್ನು ಒಮ್ಮೆ ನೋಡಿ, ತನ್ನ ಮುಂದಿನವನ ಸೊಂಟಕ್ಕೆ ತಟ್ಟುತ್ತಿದ್ದ. ಹನ್ನೊಂದು ಕ್ಲಿಪ್ಪಿನಲ್ಲಿ ತಟ್ಟಿದ್ದಾನೆ, ಹನ್ನೊಂದೂ ಓಟದ ಆಟ. ಎಲ್ಲ ಸ್ನ್ಯಾಪ್‌ಗೆ ಮುಂಚಿನ ಮೂರು ಸೆಕೆಂಡಿನಲ್ಲೇ. ಅರಸೀಕೆರೆಯಲ್ಲಿ ನಮ್ಮ ಕಬಡ್ಡಿ ಮೇಷ್ಟ್ರೂ ರೈಡರ್ ಮುಖ ನೋಡಬೇಡ್ರೋ, ಕಾಲು ನೋಡಿ ಅಂತಿದ್ದರು. ಅವರ ಮಾತಿಗೆ ನಾನು ಆಗ ಕಿವಿ ಕೊಟ್ಟಿರಲಿಲ್ಲ.

ಮಂಗಳವಾರ ಕೋಚ್ ಖಾಲಿಯಾದ ಅಂಟು ಟೇಪಿನ ರಟ್ಟಿನ ಬಳೆಯೊಂದನ್ನು ಆ ಗಾರ್ಡ್‌ನ ಹಿಮ್ಮಡಿ ಕೆಳಗೆ ಇಟ್ಟರು. ಓಟವಿರಲಿ ಪಾಸಿರಲಿ, ಹಿಮ್ಮಡಿ ಅದಕ್ಕೆ ತಾಗಿಯೂ ತಾಗದ ಹಾಗೆ ಇರಬೇಕು. ಬಳೆ ಚಪ್ಪಟೆಯಾದರೆ ಮತ್ತೆ ಮೊದಲಿಂದ. 140 ಕೆಜಿ ಹುಡುಗ, ಎಷ್ಟು ಬಳೆ ಅಪ್ಪಚ್ಚಿ ಆದವೋ. ಗುರುವಾರದ ಹೊತ್ತಿಗೆ ಅಪ್ಪಚ್ಚಿ ಆಗುವುದು ನಿಂತಿತ್ತು.

ಮೂವತ್ತೈದು ವರ್ಷದಲ್ಲಿ ಅವರು ಹತ್ತು ಕಾಲೇಜು ಬದಲಿಸಿದ್ದರು. ಮಗಳು ಹೈಸ್ಕೂಲನ್ನೇ ಮೂರು ಊರಿನಲ್ಲಿ ಓದಿದಳಂತೆ. ಅಸಿಸ್ಟೆಂಟ್‌ಗಳನ್ನು ತರುವುದು ಹೆಡ್ ಕೋಚ್. ಅವನು ಹೋದರೆ ಹೊಸಬ ತನ್ನವರನ್ನು ಕರೆತರುತ್ತಾನೆ. ನಿಮ್ಮ ಐದು ಹುಡುಗರು ಎಷ್ಟು ಚೆನ್ನಾಗಿ ಆಡಿದರು ಅಂತ ಯಾರೂ ಕೇಳುವುದಿಲ್ಲ. ಬಡ್ ಫಾಸ್ಟರ್ ಅಂಥವರು ಅಪರೂಪ. 1987ರಿಂದ 2019ರ ತನಕ ವರ್ಜೀನಿಯಾ ಟೆಕ್ ಒಂದರಲ್ಲೇ ಅಸಿಸ್ಟೆಂಟ್. 2006ರಲ್ಲಿ ದೇಶದ ಅತ್ಯುತ್ತಮ ಅಸಿಸ್ಟೆಂಟ್ ಕೋಚ್‌ಗೆ ಕೊಡುವ ಬ್ರಾಯ್ಲ್ಸ್ ಪ್ರಶಸ್ತಿಯೂ ಬಂತು. ಹೆಡ್ ಕೋಚ್ ಫ್ರಾಂಕ್ ಬೀಮರ್ 2015ರಲ್ಲಿ ನಿವೃತ್ತರಾದಾಗಲೂ ಹೊಸಬರು ಫಾಸ್ಟರ್ ಅವರನ್ನು ಉಳಿಸಿಕೊಂಡರು. ನಮ್ಮ ಕೋಚ್ ಫಾಸ್ಟರ್ ಮಾತು ತೆಗೆದಾಗ ಹೊಟ್ಟೆಕಿಚ್ಚೇನೂ ಇರಲಿಲ್ಲ. "ಅವರ ಮನೆ ಸಾಲ ತೀರಿರುತ್ತೆ ಅಲ್ವಾ" ಅಂದರು, ಅಷ್ಟೇ.

2017ರ ನವೆಂಬರ್, ಕೊನೆಯ ಮ್ಯಾಚಿನ ಮರುದಿನ ನಮ್ಮ ಹೆಡ್ ಕೋಚ್‌ನನ್ನು ತೆಗೆದರು. ಸೋಮವಾರ ಕಾರಿಡಾರಿನ ತುಂಬ ರಟ್ಟಿನ ಪೆಟ್ಟಿಗೆ. ಕೋಚ್ ರೂಮಿನಲ್ಲಿ ಪೆಟ್ಟಿಗೆ ಹೊಸದಾಗಿ ತರಿಸಬೇಕಾಗಿರಲಿಲ್ಲ. ಕೆಲವನ್ನು ಅವರು ಬಂದಾಗಿನಿಂದ ಬಿಚ್ಚೇ ಇರಲಿಲ್ಲ. 2018ರ ಜನವರಿಯಿಂದ ದೊಡ್ಡ ತಂಡಗಳಲ್ಲಿ ಅಸಿಸ್ಟೆಂಟ್‌ಗಳ ಸಂಖ್ಯೆ ಒಂಬತ್ತರಿಂದ ಹತ್ತಕ್ಕೆ ಏರಿತು. ಎಲ್ಲ ಕಡೆ ಒಂದೊಂದು ಕುರ್ಚಿ ಜಾಸ್ತಿ, ಆದರೂ ಅವರಿಗೆ ಒಂದೂ ಸಿಗಲಿಲ್ಲ. ಫೆಬ್ರವರಿಯಲ್ಲಿ ಒಂದು ಸಣ್ಣ ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಅರ್ಧ ಸಂಬಳಕ್ಕೆ.

ಹೋಗುವ ಮುಂಚೆ ತಮ್ಮ ಕಲಿಸುವ ಕ್ಲಿಪ್ಪುಗಳನ್ನೆಲ್ಲ ಒಂದು ಹಾರ್ಡ್ ಡಿಸ್ಕಿಗೆ ಹಾಕಿಕೊಡು ಅಂದಿದ್ದರು. ಎರಡು ರಾತ್ರಿ ಕೂತು ಜೋಡಿಸಿ, ಫೋಲ್ಡರಿಗೊಂದು ಹೆಸರು ಕೊಟ್ಟು, ಪಾರ್ಸೆಲ್ ಮಾಡಿದೆ. ವಾರ ಬಿಟ್ಟು ಫೋನ್ ಬಂತು. ಥ್ಯಾಂಕ್ಸ್ ಹೇಳುತ್ತಾರೆ ಅಂದುಕೊಂಡೆ.

"ಬ್ಯಾಂಗಲೋರ್, ಮೂರನೇ ಫೋಲ್ಡರು, 41ನೇ ಕ್ಲಿಪ್ಪು. ಲೇಟಾಗಿ ಶುರುವಾಗುತ್ತೆ. ಸರಿ ಮಾಡಿ ಕಳಿಸು."