ಕೆರೆಯಂಚಿನಲ್ಲೊಂದು ಬಿಳಿ ಬೇಸಿನ್

ಮಕ್ಕಳನ್ನು ಕೆರೆಗೆ ಕರೆದೊಯ್ಯುವುದೆಂದರೆ ಹಕ್ಕಿ ತೋರಿಸುವುದು ಎಂದೇ ಬಹಳ ಮೇಷ್ಟ್ರುಗಳ ಲೆಕ್ಕ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತು ಬರುತ್ತದೆ, 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್‌ಸರ್ ಪಟ್ಟಿಗೂ ಸೇರಿತು. ಎಲ್ಲ ಸರಿ. ಆದರೆ ಹಕ್ಕಿ ದೂರದಲ್ಲಿರುತ್ತದೆ, ಬೈನಾಕ್ಯುಲರ್ ಒಂದೇ ಇರುತ್ತದೆ, ಸಾಲಿನ ಕೊನೆಯಲ್ಲಿ ನಿಂತವರು ತಳ್ಳಾಟ ಶುರು ಮಾಡುತ್ತಾರೆ. ತುಮಕೂರು ಸೀಮೆಯ ನಮ್ಮ ಹಳ್ಳಿ ಶಾಲೆಯ ಆರು, ಏಳನೇ ತರಗತಿಯವರೊಂದಿಗೆ ಊರ ಕೆರೆಗೆ ಹೋದಾಗ ನಾನು ಹಕ್ಕಿಯನ್ನು ಕೊನೆಗಿಡುತ್ತೇನೆ. ಮೊದಲು ಜೊಂಡಿನ ಬುಡ.

ಬೇಕಾದ್ದು ಬಿಳಿ ಪ್ಲಾಸ್ಟಿಕ್ ಬೇಸಿನ್, ಕೋಲಿಗೆ ಕಟ್ಟಿದ ಹಿಟ್ಟಿನ ಜರಡಿ, ಹಳೇ ಚಮಚ, ಭೂತಗನ್ನಡಿ. ಬೇಸಿನ್ ಬಿಳಿಯದೇ ಆಗಬೇಕು. ಕಂದು ಹುಳ ಬೇರೆ ಬಣ್ಣದಲ್ಲಿ ಕಾಣುವುದೇ ಇಲ್ಲ. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ, ಬೆಳಿಗ್ಗೆಯೇ ಹೊರಡುತ್ತೇವೆ. ಹೂಳೆತ್ತಿದ ಕೆರೆಯಲ್ಲಿ ಜೆಸಿಬಿ ತೋಡಿದ ಗುಂಡಿಗಳು ನೀರಿನಡಿ ಗೊತ್ತಾಗುವುದಿಲ್ಲ. ಹಾಗಾಗಿ ಮಕ್ಕಳು ದಡದಲ್ಲೇ ಕೂರಬೇಕು, ನೀರಿಗೆ ಇಳಿಯುವುದು ಜರಡಿ ಮಾತ್ರ. ಇದರಲ್ಲಿ ರಿಯಾಯಿತಿ ಇಲ್ಲ.

ಗಿಡದ ಬೇರುಗಳ ನಡುವೆ ಜರಡಿ ಎಳೆದು, ಬಂದದ್ದನ್ನು ಬೇಸಿನ್ನಿನ ನೀರಿಗೆ ಕೊಡವುತ್ತೇವೆ. ಕೆಸರು, ಕೊಳೆತ ಎಲೆ. "ಏನೂ ಇಲ್ಲ ಸಾ" ಎನ್ನುತ್ತಾರೆ. ನಾನು ಸುಮ್ಮನಿರುತ್ತೇನೆ. ಕೆಸರು ಕೆಳಗೆ ಕೂರುತ್ತಿದ್ದಂತೆ ಎಲೆಚೂರು ಅಂದುಕೊಂಡದ್ದು ನಡೆಯತೊಡಗುತ್ತದೆ.

ಅದು ಏರೋಪ್ಲೇನ್ ಚಿಟ್ಟೆಯ ಮರಿ. ರೆಕ್ಕೆ ಬರುವವರೆಗೂ ಅದರ ಬಾಳೆಲ್ಲ ನೀರಿನೊಳಗೇ. ಮಕ್ಕಳು ಇದನ್ನು ಸುಲಭಕ್ಕೆ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ, ನೋಡಿದರೆ ಸಾಕು. ಸೊಳ್ಳೆಮರಿ ಹತ್ತಿರ ಸುಳಿದಾಗ ಅದರ ಮುಖದಡಿ ಮಡಚಿಟ್ಟ ಕೆಳದುಟಿ ಚಕ್ಕನೆ ಮುಂದೆ ಚಾಚಿ, ಹಿಡಿದು, ಬಾಯಿಗೆ ಎಳೆದುಕೊಳ್ಳುತ್ತದೆ. ಚಮಚದಿಂದ ಮುಟ್ಟಿದರೆ ಹಿಂಬದಿಯಿಂದ ನೀರು ಚಿಮ್ಮಿಸಿ ಮುಂದಕ್ಕೆ ಹಾರುತ್ತದೆ. ಅದು ಉಸಿರಾಡುವುದೂ ಅದೇ ದಾರಿಯಿಂದ ಎಂದಾಗ ಬೀಳುವ ನಗು ನಿಲ್ಲಿಸಲು ನಾನು ಹೋಗುವುದಿಲ್ಲ.

ಹೆಸರು ಹೇಳುವ ಆತುರ ಬೇಡ ಎನ್ನುವುದು ನನ್ನ ಪಾಲಿಗೆ ಮುಖ್ಯ. ಹೆಸರು ಸಿಕ್ಕ ಕೂಡಲೇ ನೋಟ್‌ಬುಕ್ಕಿನಲ್ಲಿ ಬರೆದು ಕಣ್ಣು ತೆಗೆಯುತ್ತಾರೆ. "ಇದು ಏನು ಮಾಡ್ತಾ ಇದೆ?" ಅಂತಷ್ಟೇ ಕೇಳುತ್ತೇನೆ. ಒಮ್ಮೆ ಹುಡುಗಿಯೊಬ್ಬಳು ಚಪ್ಪಟೆ ನೀರುತಿಗಣೆ ತೋರಿಸಿ, "ಸಾ, ಬೆನ್ ಮ್ಯಾಲೆ ಮೊಟ್ಟೆ ಐತೆ, ತಾಯಿ ಹುಳ" ಎಂದಳು. ಅಂಟಿಸಿದವಳು ಹೆಣ್ಣು, ಹೊತ್ತು ತಿರುಗುವವನು ಗಂಡು ಎಂದೆ. ತರಗತಿ ಎರಡು ಪಾಳಯವಾಯಿತು. (ಅದನ್ನು ಕೈಯಲ್ಲಿ ಹಿಡಿಯಬೇಡಿ, ಚೆನ್ನಾಗಿ ಕಚ್ಚುತ್ತದೆ.)

ಮಕ್ಕಳಿಗೆ ನೀರಿನ ಗಿಡವೆಲ್ಲ ಪಾಚಿಯೇ. ಹೈಡ್ರಿಲ್ಲಾದ ಎಳೆಯೊಂದನ್ನು ಕೆರೆನೀರು ತುಂಬಿದ ಬಾಟಲಿಗೆ ಹಾಕಿ ಬಿಸಿಲಿಗಿಟ್ಟರೆ ಕಾಂಡದ ಕತ್ತರಿಸಿದ ತುದಿಯಿಂದ ಗುಳ್ಳೆಗಳು ಸಾಲಾಗಿ ಏಳುತ್ತವೆ, ನೆರಳಿಗಿಟ್ಟರೆ ಕಡಿಮೆಯಾಗುತ್ತವೆ. ಆಮ್ಲಜನಕದ ಪಾಠಕ್ಕೆ ಅಷ್ಟು ಸಾಕು.

ಮೀನಿನ ವಿಷಯಕ್ಕೆ ನಾನು ಬಾಯಿ ಹಾಕುವುದಿಲ್ಲ. ಗಾಳ ಹಾಕುವ ಹುಡುಗರಿದ್ದಾರೆ, ಪಾಠದಲ್ಲಿ ಹಿಂದೆ ಬಿದ್ದವರೇ ಅಲ್ಲಿ ಮೇಷ್ಟ್ರು. ಜಿಲೇಬಿ ಮೀನು ಮೊಟ್ಟೆ, ಮರಿಗಳನ್ನು ಬಾಯಲ್ಲೇ ಇಟ್ಟು ಕಾಯುತ್ತದೆಂದು ಅವರಿಗೆ ಗೊತ್ತು. ಅದು ಆಫ್ರಿಕಾದ ಮೀನು, ಭಾರತಕ್ಕೆ ತಂದದ್ದು 1952ರಲ್ಲಿ ಎಂದಷ್ಟೇ ನಾನು ಸೇರಿಸುತ್ತೇನೆ.

ಹೊರಡುವ ಮುಂಚೆ ಬೇಸಿನ್ನಿನಲ್ಲಿದ್ದದ್ದೆಲ್ಲ ತೆಗೆದ ಜಾಗಕ್ಕೇ ವಾಪಸ್. ಆಮೇಲೆ ಏರಿಯ ಮೇಲೆ ಕೂತು, ಯಾರು ಯಾರನ್ನು ತಿನ್ನುತ್ತಾರೆಂದು ಬಾಣ ಎಳೆಯಲು ಹೇಳುತ್ತೇನೆ. ನೀರುಕಾಗೆ, ಮಿಂಚುಳ್ಳಿಗಳು ಬರುವುದು ಇಲ್ಲಿ. ಈಗ ಹಕ್ಕಿ ಏಕೆ ಮುಳುಗಿತು ಎಂದು ಅವರೇ ಹೇಳುತ್ತಾರೆ. ಕಳೆದ ಸಲ ಗಾಳದ ಹುಡುಗನೊಬ್ಬ ಜಿಲೇಬಿ ಮೀನಿನಿಂದ ಎರಡು ಬಾಣ ಎಳೆದಿದ್ದ. ಒಂದು ನೀರುಕಾಗೆಗೆ. ಇನ್ನೊಂದರ ತುದಿಯಲ್ಲಿ "ನಮ್ಮಜ್ಜಿ" ಎಂದಿತ್ತು. ಪೂರ್ತಿ ಅಂಕ ಕೊಟ್ಟೆ.