ಉಪ್ಪಿನ ಬಿಲ್ಲೆ ಒಡೆಯದ ಹಾಗೆ ತೆಗೆಯುವುದು ಹೇಗೆ?

ಇಥಿಯೋಪಿಯಾದ ಅಫಾರ್ ಸೀಮೆಯ ದನಾಕಿಲ್ ತಗ್ಗಿನಲ್ಲಿ ಉಪ್ಪಿಗೇನೂ ಬರವಿಲ್ಲ. ಸಮುದ್ರ ಮಟ್ಟಕ್ಕಿಂತ 100 ಮೀಟರಿಗೂ ಜಾಸ್ತಿ ಕೆಳಗಿರುವ ಬಯಲು ಅದು, ಕಣ್ಣು ಹಾಯಿಸಿದಷ್ಟೂ ಬಿಳಿ. ಕಷ್ಟವೆಲ್ಲ ಇರುವುದು ಅದನ್ನು ಇಡಿಯಾಗಿ ಪೇಟೆಗೆ ಮುಟ್ಟಿಸುವುದರಲ್ಲಿ. ಹಿಂದೆ ಇಲ್ಲಿ ಕೆತ್ತಿದ ಉಪ್ಪಿನ ಬಿಲ್ಲೆಯೇ 'ಅಮೋಲೆ' ಅನ್ನುವ ಹೆಸರಿನಲ್ಲಿ ದುಡ್ಡಾಗಿ ಓಡಾಡುತ್ತಿತ್ತು. ಮೂಲೆ ಮುರಿದರೆ ಬೆಲೆ ಇಳಿಯುತ್ತಿತ್ತು, ದೂರ ಹೋದಷ್ಟೂ ಏರುತ್ತಿತ್ತು.

ಮೊದಲು ಕಾಲ ನೋಡಿಕೊಳ್ಳಿ. ಮಳೆ ನೀರು ಬಯಲಿಗೆ ಹರಡಿದಾಗ ಹೋಗಿ ಏನೂ ಮಾಡಲಾಗುವುದಿಲ್ಲ, ನೀರು ಆರಿ ಉಪ್ಪಿನ ಪದರ ಗಟ್ಟಿಯಾಗಬೇಕು. ಬೆಳಗ್ಗೆ ಬೇಗ ಶುರು ಮಾಡಿ. ಬಿಸಿಲೇರಿದ ಮೇಲೆ ಅಲ್ಲಿ ನಿಲ್ಲುವುದೇ ಒಂದು ಕೆಲಸ.

ಕೊಡಲಿಯಿಂದ ಪದರದ ಮೇಲೆ ಗೆರೆ ಕೊರೆಯಿರಿ. ಆ ಸೀಳಿಗೆ ಉದ್ದನೆಯ ಮರದ ಕೋಲುಗಳನ್ನು ತೂರಿಸಿ, ನಾಲ್ಕೈದು ಜನ ಒಟ್ಟಿಗೆ ಮೀಟಬೇಕು. ಒಟ್ಟಿಗೆ ಅಂದರೆ ಒಟ್ಟಿಗೇ. ಒಬ್ಬ ಮುಂಚೆ ಎಳೆದರೂ ಹಾಸು ನಡುವೆಯೇ ಸೀಳುತ್ತದೆ. ಹೀಗೆ ಮೀಟುವವರು ಫೊಕೊಲೊ, ಎದ್ದ ಹಾಸನ್ನು ಕೆತ್ತಿ ಬಿಲ್ಲೆ ಮಾಡುವವರು ಹದೇಲಿ. ಹದೇಲಿ ಕುಕ್ಕರಗಾಲಲ್ಲಿ ಕೂತು, ಬಾಚಿಯಿಂದ ಸಣ್ಣ ಸಣ್ಣ ಏಟು ಹಾಕುತ್ತಾ, ಅಂಚು ಸವರುತ್ತಾ ಹೋಗುತ್ತಾನೆ. ಅಳತೆಪಟ್ಟಿ ಇಲ್ಲ, ಕಣ್ಣೇ ಅಳತೆ. ಆದರೂ ಸಾಲಾಗಿ ಜೋಡಿಸಿದರೆ ಎಲ್ಲ ಒಂದೇ ಅಚ್ಚಿನಲ್ಲಿ ತೆಗೆದ ಹಾಗಿರುತ್ತವೆ. 'ಗನ್ಫುರ್' ಅನ್ನುವ ಬಿಲ್ಲೆ ಸುಮಾರು 4 ಕಿಲೋ ತೂಗುತ್ತದೆ. ಸುಮ್ನೆ ಚೆಂದಕ್ಕೆ ಅಲ್ಲ ಈ ಸಮ ಅಳತೆ. ಬಿಲ್ಲೆ ಒಂದಕ್ಕೊಂದು ಅಂಟಿಕೊಂಡು ಕೂರದಿದ್ದರೆ ದಾರಿಯುದ್ದಕ್ಕೂ ತಿಕ್ಕಾಡಿ ಪುಡಿಯಾಗುತ್ತವೆ.

ಹೇರುವಾಗ ಒಂಟೆಯನ್ನು ಕೂರಿಸಿ, ಎರಡೂ ಪಕ್ಕ ಸಮ ತೂಕ ಕಟ್ಟಿ. ಒಟ್ಟು ನೂರು ಕಿಲೋ ದಾಟುತ್ತದೆ, ವಾಲಿದರೆ ಒಂಟೆಯ ಬೆನ್ನೂ ಹೋಯಿತು, ಉಪ್ಪೂ ಹೋಯಿತು.

ಇನ್ನು ಬೆರಹಲೆ ಊರಿನವರೆಗೆ ಏರು ನಡಿಗೆ, ಎರಡು ಮೂರು ದಿನ. ಅಲ್ಲಿಂದ ಮೆಕೆಲೆ ನಗರದ ಪೇಟೆಗೆ ಈಗ ಲಾರಿ ಇದೆ. ನನಗೆ ತುಂಬಾ ಇಷ್ಟವಾದ ಉಪಾಯ ಈ ದಾರಿಯದ್ದು: ಉಪ್ಪಿನ ಬಯಲಿಗೆ ಇಳಿಯುವಾಗ ಒಂಟೆಗಳ ಬೆನ್ನು ಖಾಲಿ ತಾನೇ, ಅದಕ್ಕೇ ಹುಲ್ಲು ಹೊತ್ತು ತಂದು ಅಲ್ಲಲ್ಲಿ ಇಟ್ಟುಕೊಂಡು ಬರಬೇಕು. ಮೇಲೇರುವಾಗ ಬೆನ್ನ ತುಂಬ ಉಪ್ಪು, ಹುಲ್ಲಿಗೆ ಜಾಗವಿರುವುದಿಲ್ಲ. ಎಲ್ಲೆಲ್ಲಿ ಇಟ್ಟಿರಿ ಅನ್ನುವುದು ಮಾತ್ರ ನೆನಪಿರಲಿ.