ದಿನಕ್ಕೆ ಮೂರು ವಚನ: ಮಾರ್ಕನ ಸುವಾರ್ತೆಯೊಂದಿಗೆ ನನ್ನ ಅನುಭವ

ಕಳೆದ ತಿಂಗಳ ಪ್ರಾರ್ಥನಾ ಕೂಟ ಮುಗಿದ ಮೇಲೆ ನಮ್ಮ ಸಭೆಯ ಹಿರಿಯರೊಬ್ಬರು ನನ್ನನ್ನು ದೇವಾಲಯದ ಮೆಟ್ಟಿಲ ಬಳಿ ನಿಲ್ಲಿಸಿ, ಮಾರ್ಕನ ಸುವಾರ್ತೆಯನ್ನು ದಿನಕ್ಕೆ ಮೂರು ವಚನದಂತೆ ನಾನು ನಕಲು ಮಾಡುವ ಉದ್ದನೆಯ ನೋಟ್‌ಬುಕ್ ಯಾವ ಅಂಗಡಿಯದೆಂದು ಕೇಳಿದರು. ಮೂರು ವರ್ಷಗಳ ಹಿಂದೆ ಇದೇ ಹಿರಿಯರು, ಇದೇ ಮೆಟ್ಟಿಲ ಬಳಿ, ಹತ್ತು ಜನರ ಎದುರಿಗೆ, "ಏನ್ ತಮ್ಮಾ, ನಿನ್ನ ಮಾರ್ಕ ಇನ್ನೂ ಮುಗದಿಲ್ಲೇನ? ನಾವು ಪ್ರಕಟನೆ ಮುಟ್ಟೇವಿ" ಎಂದು ನಗೆಯಾಡಿದ್ದರು. ಪ್ರಕಟನೆಯೆಂದರೆ ಸತ್ಯವೇದದ, ಅಂದರೆ ಬೈಬಲ್ಲಿನ, ಕಡೆಯ ಪುಸ್ತಕ. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಇಂದು ಇದೆಯೆಂದು ತೋರುವುದರಿಂದ, ಮನೆಯಲ್ಲಿ ಸತ್ಯವೇದವನ್ನಿಟ್ಟುಕೊಂಡು ಪ್ರತಿ ಜನವರಿಯಲ್ಲಿ ಹುರುಪಿನಿಂದ ತೊಡಗಿ ಪ್ರತಿ ಫೆಬ್ರವರಿಯಲ್ಲಿ ಕೈಚೆಲ್ಲುವ ನನ್ನಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಬೆಟಗೇರಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ನಡೆಸುತ್ತೇನೆ. ನಮ್ಮ ತಾತನ ಕಾಲದಿಂದಲೂ ನಾವು ಬಾಸೆಲ್ ಮಿಷನ್ನಿನ ಹಳೆಯ ಸಭೆಯವರೇ. ಆದುದರಿಂದ ವಾಕ್ಯ ನನಗೆ ಅಪರಿಚಿತವಾಗಿರಲಿಲ್ಲ, ಅತಿಪರಿಚಿತವಾಗಿದ್ದುದೇ ತೊಂದರೆಯಾಗಿತ್ತು. ಇಪ್ಪತ್ಮೂರನೆಯ ಕೀರ್ತನೆಯನ್ನು ನಾನು ಹೇಳುತ್ತಿದ್ದ ವೇಗಕ್ಕೂ ಕಂಡಕ್ಟರ್ ಊರುಗಳ ಹೆಸರು ಕೂಗುವ ವೇಗಕ್ಕೂ ಹೆಚ್ಚಿನ ಅಂತರವಿರಲಿಲ್ಲ.

ಮೊದಲು ಸೋಲುಗಳ ಲೆಕ್ಕವನ್ನು ಒಪ್ಪಿಸಿಬಿಡುತ್ತೇನೆ. ಒಂದು ವರ್ಷದಲ್ಲಿ ಇಡೀ ಸತ್ಯವೇದವನ್ನು ಓದಿ ಮುಗಿಸುವ ಪಟ್ಟಿಯನ್ನು ನಾನು ನಾಲ್ಕು ಸಲ ಹಿಡಿದೆ. ಒಟ್ಟು 1,189 ಅಧ್ಯಾಯಗಳು. ದಿನಕ್ಕೆ ಮೂರು ಅಥವಾ ನಾಲ್ಕು. ಆದಿಕಾಂಡದ ಐವತ್ತು, ವಿಮೋಚನಕಾಂಡದ ನಲವತ್ತು ದಾಟುವಷ್ಟರಲ್ಲಿ ಜನವರಿ ಮುಗಿಯುತ್ತದೆ, ಫೆಬ್ರವರಿಯ ಮೊದಲ ವಾರ ಯಾಜಕಕಾಂಡದ ಹದಿಮೂರನೆಯ ಅಧ್ಯಾಯ ಎದುರಿಗೆ ನಿಲ್ಲುತ್ತದೆ. ಚರ್ಮರೋಗದ ಐವತ್ತೊಂಬತ್ತು ವಚನಗಳು. ನಾಲ್ಕರಲ್ಲಿ ಮೂರು ಸಲ ನಾನು ಬಿದ್ದದ್ದು ಅಲ್ಲಿಯೇ. ಅದೇ ಹೊತ್ತಿಗೆ ಬೇಸಿಗೆಯ ಪಂಪ್‌ಸೆಟ್ ಕೆಲಸವೂ ಶುರುವಾಗುತ್ತಿತ್ತಾದ್ದರಿಂದ ನೆಪಕ್ಕೇನೂ ಕೊರತೆಯಿರಲಿಲ್ಲ. ಐದು ದಿನ ತಪ್ಪಿದರೆ ಹದಿನೆಂಟು ಅಧ್ಯಾಯಗಳ ಬಾಕಿ; ಆ ಬಾಕಿಯನ್ನು ನೋಡಿದರೆ ಪುಸ್ತಕ ತೆರೆಯಲಿಕ್ಕೇ ಮನಸ್ಸಾಗುತ್ತಿರಲಿಲ್ಲ.

ಆಮೇಲೆ ತಪ್ಪು ನನ್ನದಲ್ಲ, ಸಲಕರಣೆಯದು ಎಂದುಕೊಂಡೆ. ಅಗಲ ಅಂಚಿನ, ಅಡಿಟಿಪ್ಪಣಿಗಳಿರುವ ಇಂಗ್ಲಿಷ್ ಬೈಬಲ್ಲೊಂದಕ್ಕೆ ಎರಡು ಸಾವಿರದ ಎಂಟುನೂರರಷ್ಟು ಕೊಟ್ಟೆ. ಟಿಪ್ಪಣಿಗಳನ್ನು ಓದಿದೆನೇ ಹೊರತು ಮೇಲಿನ ವಾಕ್ಯವನ್ನು ಓದಲಿಲ್ಲ. ಬೆಂಗಳೂರಿನಲ್ಲಿ ಮೂರು ದಿನಗಳ ಶಿಬಿರವೊಂದಕ್ಕೆ ಹೋಗಿಬಂದೆ. ಶುಲ್ಕ, ಬಸ್ಸು, ಲಾಡ್ಜ್ ಎಲ್ಲ ಸೇರಿ ಐದು ಸಾವಿರವಾಯಿತು. ಅಲ್ಲಿ ಕೊಟ್ಟ ಫೈಲು ಇಂದಿಗೂ ಅಂಗಡಿಯಲ್ಲಿದೆ, ಅದರಲ್ಲಿ ಈಗ ವೈರಿನ ಬಿಲ್ಲುಗಳಿವೆ. ಬಣ್ಣದ ಪೆನ್ನು, ಚರ್ಮದ ಹೊದಿಕೆಯ ಡೈರಿ ಇವೆಲ್ಲ ಸೇರಿದರೆ ಆರೇಳು ವರ್ಷಗಳಲ್ಲಿ ಹನ್ನೆರಡು ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಹಣವನ್ನು ಸುರಿದಿದ್ದೇನೆ.

ದಿನಕ್ಕೊಂದು ವಾಕ್ಯವನ್ನು ಎತ್ತಿ ಓದುವ ವಾಗ್ದಾನದ ಚೀಟಿಗಳ ಡಬ್ಬಿಯನ್ನೂ ಒಂದು ವರ್ಷ ನೋಡಿದೆ. ಚೀಟಿಯೆತ್ತುವುದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಜರ್ಮನಿಯ ಹೆರ್ನ್‌ಹೂಟ್ ಊರಿನ ಮೊರೇವಿಯನ್ ಸಭೆಯ ಕ್ರೈಸ್ತರು 1731ರಿಂದ ವರ್ಷವರ್ಷವೂ ಅಚ್ಚು ಹಾಕಿಸುತ್ತ ಬಂದಿರುವ ದಿನವಚನಗಳಲ್ಲಿ ಹಳೆಯ ಒಡಂಬಡಿಕೆಯ ವಾಕ್ಯವನ್ನು ಆರಿಸುವುದು ಚೀಟಿಯೆತ್ತಿಯೇ. ಆದರೆ ನನ್ನ ಡಬ್ಬಿಯಲ್ಲಿದ್ದದ್ದು ಬರೀ ಸಿಹಿ. ಆಶೀರ್ವದಿಸುವೆನು, ಹೆಚ್ಚಿಸುವೆನು, ತಲೆಯನ್ನಾಗಿ ಮಾಡುವೆನು. ನಿನ್ನ ನೆರೆಯವನ ಬಾಕಿಯನ್ನು ಏನು ಮಾಡಿದೆ ಎಂದು ಕೇಳುವ ಒಂದು ಚೀಟಿಯೂ ಆ ವರ್ಷವೆಲ್ಲ ನನ್ನ ಕೈಗೆ ಬರಲಿಲ್ಲ.

2021ರ ಜೂನ್‌ನಲ್ಲಿ, ಅಂಗಡಿ ಅರ್ಧ ದಿನ ಮಾತ್ರ ತೆರೆದಿರುತ್ತಿದ್ದಾಗ, ಹಾಲಿನ ಲೆಕ್ಕ ಬರೆದು ಬಿಟ್ಟಿದ್ದ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಮಾರ್ಕನ ಮೊದಲ ಮೂರು ವಚನಗಳನ್ನು ಕೈಯಿಂದ ನಕಲು ಮಾಡಿದೆ. ಯಾವ ಯೋಜನೆಯೂ ಇರಲಿಲ್ಲ. ಮಾರ್ಕನನ್ನು ಆರಿಸಿದ್ದಕ್ಕೆ ಕಾರಣವೂ ಘನವಾದದ್ದಲ್ಲ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು. ಹದಿನಾರು ಅಧ್ಯಾಯಗಳು, 678 ವಚನಗಳು. ದಿನಕ್ಕೆ ಮೂರರಂತೆ, ಭಾನುವಾರವನ್ನು ಬಿಟ್ಟು, ಒಂಬತ್ತು ತಿಂಗಳಾದರೂ ಬೇಕು. ನನಗೆ ಮೊದಲ ಸುತ್ತಿಗೆ ಹನ್ನೊಂದು ತಿಂಗಳು ಹಿಡಿಯಿತು.

ಕ್ರಮ ಇಷ್ಟೇ. ಬೆಳಿಗ್ಗೆ ಐದೂವರೆಗೆ ಎಡಗಡೆಯ ಪುಟದಲ್ಲಿ ಮೂರು ವಚನಗಳನ್ನು ಬರೆಯುತ್ತೇನೆ, ಬರೆಯುವಾಗ ತುಟಿಯಲ್ಲಿ ಉಚ್ಚರಿಸುತ್ತೇನೆ. ಒಂದನೆಯ ಕೀರ್ತನೆಯಲ್ಲಿ ಹಗಲಿರುಳು ಧ್ಯಾನಿಸುವುದಕ್ಕೆ ಬಳಸಿದ ಇಬ್ರಿಯ (ಹೀಬ್ರೂ) ಪದವನ್ನೇ ಪ್ರವಾದಿ ಯೆಶಾಯನು ಬೇಟೆಯ ಮೇಲೆ ಗುರುಗುಟ್ಟುವ ಸಿಂಹಕ್ಕೂ ಬಳಸಿದ್ದಾನೆ; ಬಾಯಿ ಮುಚ್ಚಿಕೊಂಡು ಮಾಡುವ ಧ್ಯಾನ ನನಗಂತೂ ಐದು ನಿಮಿಷದಲ್ಲಿ ತೂಕಡಿಕೆಯಾಗುತ್ತಿತ್ತು. ಆಮೇಲೆ ಅದರಲ್ಲೊಂದು ವಚನವನ್ನು ಲೆದರಾಯ್ಡ್ ಕಾಗದದ ಪಟ್ಟಿಯ ಮೇಲೆ ಬರೆದು ಜೇಬಿಗೆ ಹಾಕುತ್ತೇನೆ. ಮೋಟರಿನಲ್ಲಿ ತಂತಿ ಕೂರುವ ಸ್ಲಾಟಿಗೆ ಕತ್ತರಿಸಿ ಉಳಿದ ತುಂಡುಗಳು ಅಂಗಡಿಯಲ್ಲಿ ಬೇಕಾದಷ್ಟು ಬಿದ್ದಿರುತ್ತವೆ. ಬೆವರಿಗೂ ಎಣ್ಣೆಗೂ ಬೇಗ ಹರಿಯುವುದಿಲ್ಲ. ರಾತ್ರಿ ಬಲಗಡೆಯ ಪುಟದಲ್ಲಿ ಒಂದೇ ಒಂದು ಸಾಲು: ಆ ವಚನದ ಎದುರಿಗೆ ಈ ದಿನ ನಾನು ಮಾಡಿದ್ದೇನು. ಅನಿಸಿದ್ದನ್ನಲ್ಲ, ಮಾಡಿದ್ದನ್ನು. ಈ ಸಾಲನ್ನು ಬರೆಯುವ ಮುಂಚೆ ನನ್ನನ್ನೇ ಕೇಳಿಕೊಳ್ಳುವ ಪ್ರಶ್ನೆಯೊಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಮುಖಾಮುಖಿ ಕೇಳಿದವರಿಗೆ ಹೇಳಿದ್ದೇನೆ. ಬರಹದಲ್ಲಿ ಅದು ಬೇರೆ ಅರ್ಥ ಕೊಡುತ್ತದೆ. ವಚನಗಳನ್ನು ಎಲ್ಲಿ ತುಂಡರಿಸಬೇಕೆಂಬುದಕ್ಕೂ ನನ್ನದೇ ಒಂದು ಲೆಕ್ಕವಿದೆ, ಅದನ್ನು ಅವರವರೇ ಕಂಡುಕೊಳ್ಳುವುದು ಒಳ್ಳೆಯದು.

ತುಟಿಯಲ್ಲಿ ಉಚ್ಚರಿಸುವ ಅಭ್ಯಾಸದಿಂದ ನಷ್ಟವೂ ಆಗಿದೆ. ಮೂರು ಎಚ್.ಪಿ. ಮೋಟರೊಂದಕ್ಕೆ ಕಾಯಿಲ್ ಸುತ್ತುತ್ತ ವಚನ ಹೇಳಿಕೊಳ್ಳುತ್ತಿದ್ದೆ. ಸುತ್ತಿನ ಎಣಿಕೆ ಎಲ್ಲೋ ತಪ್ಪಿತು. ಟ್ರಯಲ್ ಹಾಕಿದಾಗ ಒಂದು ಫೇಸಿನಲ್ಲಿ ಆಂಪಿಯರ್ ಏರಿ ಮೋಟರು ಕಾಯತೊಡಗಿತು. ತಂತಿಯಲ್ಲೇ ಸಾವಿರ ರೂಪಾಯಿಯ ಹತ್ತಿರ ಹೋಯಿತು, ಒಂದು ದಿನದ ಕೂಲಿ ಬೇರೆ. ಅಂದಿನಿಂದ ಎಣಿಸುವಾಗ ಎಣಿಕೆ ಮಾತ್ರ. ವಚನವೇನಿದ್ದರೂ ಸ್ಲಾಟ್ ಕೆರೆದು ಸ್ವಚ್ಛಮಾಡುವಾಗ, ದಾರ ಕಟ್ಟುವಾಗ, ವಾರ್ನಿಷ್ ಒಣಗಲು ಕಾಯುವಾಗ.

ನಕಲು ಮಾಡುವವನಿಗೆ ಕಾಣುವುದು ಓದುವವನಿಗೆ ಕಾಣುವುದಿಲ್ಲವೆಂದು ನಾನು ಧೈರ್ಯವಾಗಿ ಹೇಳಬಲ್ಲೆ. ಬಿರುಗಾಳಿಯ ದೋಣಿಯಲ್ಲಿ ಯೇಸು ಮಲಗಿದ್ದನ್ನು ಮತ್ತಾಯನೂ ಲೂಕನೂ ಹೇಳುತ್ತಾರೆ, ತಲೆಗೆ ದಿಂಬಿತ್ತೆಂದು ಹೇಳುವವನು ಮಾರ್ಕನೊಬ್ಬನೇ. ಐದು ಸಾವಿರ ಜನ ಕೂತ ಹುಲ್ಲು ಹಸಿರಾಗಿತ್ತೆಂಬುದೂ ಅವನದೇ ಮಾತು. ಬಾಲ್ಯದಿಂದ ಈ ಕಥೆಗಳನ್ನು ಕೇಳುತ್ತ ಬಂದ ನನಗೆ ಆ ದಿಂಬು ಕಂಡದ್ದು ಐವತ್ತರ ಹತ್ತಿರ ಬಂದ ಮೇಲೆ, ಅದೂ 'ದಿಂಬು' ಎಂದು ಬರೆಯುವಾಗ ಪೆನ್ನು ನಿಂತು ಎರಡನೆಯ ಸಲ ಗೀಚಬೇಕಾಗಿ ಬಂದಾಗ.

ಎರಡನೆಯ ಸುತ್ತಿನ ಒಂದು ಪುಟವನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹನ್ನೊಂದನೆಯ ಅಧ್ಯಾಯದ ಇಪ್ಪತ್ತೈದನೆಯ ವಚನ, ಪ್ರಾರ್ಥನೆಗೆ ನಿಂತಾಗ ಯಾರ ಮೇಲೆ ಏನಿದ್ದರೂ ಕ್ಷಮಿಸಿಬಿಡಿ ಎನ್ನುವುದು, ಜೇಬಿನಲ್ಲಿತ್ತು. ಮುಂಡರಗಿ ಕಡೆಯ ರೈತರೊಬ್ಬರ ಏಳೂವರೆ ಎಚ್.ಪಿ. ಮೋಟರಿನ ಕೂಲಿ ಬಾಕಿ ನಾಲ್ಕೂವರೆ ಸಾವಿರದಷ್ಟಿತ್ತು, ಅವರ ಇನ್ನೊಂದು ಮೋಟರನ್ನು ನಾನು ಒತ್ತೆಯಂತೆ ಅಂಗಡಿಯಲ್ಲೇ ಇಟ್ಟುಕೊಂಡಿದ್ದೆ. ಆ ರಾತ್ರಿ ಬಲಗಡೆಯ ಪುಟದಲ್ಲಿ ನಾನು ಬರೆದ ಸಾಲು: "ಫೋನ್ ಮಾಡಿದೆ, ಬೈದೆ." ಮರುದಿನ ಮುಂದಿನ ವಚನಕ್ಕೆ ಹೋಗಲು ಕೈ ಬರಲಿಲ್ಲ, ಅದನ್ನೇ ಮತ್ತೆ ನಕಲು ಮಾಡಿದೆ. ಆ ರಾತ್ರಿಯ ಸಾಲು: "ಫೋನ್ ಮಾಡಲಿಲ್ಲ." ಒಂಬತ್ತು ದಿನ ಅದೇ ವಚನ. ಹತ್ತನೆಯ ದಿನ ಟಂಟಂ ಗಾಡಿಯಲ್ಲಿ ಮೋಟರನ್ನು ಹಾಕಿಸಿ, ಬಾಡಿಗೆ ನಾನೇ ಕೊಟ್ಟು ಕಳಿಸಿದೆ. ನಾಲ್ಕೂವರೆ ಸಾವಿರ ಇಂದಿಗೂ ಬಂದಿಲ್ಲ. ವರ್ಷಗಟ್ಟಲೆ ಪ್ರಸಂಗಗಳಲ್ಲಿ ಕ್ಷಮೆಯ ವಿಷಯ ಕೇಳಿದ್ದೆನಾದರೂ, ಕ್ಷಮಿಸಲು ನನಗೆ ಹತ್ತು ದಿನ ಮತ್ತು ಒಂದು ಗಾಡಿ ಬಾಡಿಗೆ ಬೇಕೆಂಬುದು ಆಗಲೇ ಗೊತ್ತಾದದ್ದು.

ಅಡ್ಡದಾರಿಯ ಪ್ರಯೋಗಗಳೂ ನಡೆದವು. ನನ್ನದೇ ಧ್ವನಿಯಲ್ಲಿ ಅಧ್ಯಾಯಗಳನ್ನು ಮೊಬೈಲಿಗೆ ಓದಿ ಬೈಕಿನಲ್ಲಿ ಹೋಗುವಾಗ ಕೇಳಿದೆ. ವಾರದೊಳಗೆ ಅದು ಕಿವಿಗೆ ರೇಡಿಯೋ ಜಾಹೀರಾತಿನಂತಾಯಿತು. ಬಿಡಿಭಾಗಗಳ ಅಂಗಡಿಯ ಕಥೋಲಿಕ ಸ್ನೇಹಿತರಿಂದ ಅವರ ಬೈಬಲ್ ತಂದು ನಮ್ಮ ಸತ್ಯವೇದದ ಪಕ್ಕಕ್ಕಿಟ್ಟು ನೋಡಿದ್ದು ಚೆನ್ನಾಗಿ ಫಲಿಸಿತು. ನಮ್ಮ 'ಸುವಾರ್ತೆ' ಅಲ್ಲಿ 'ಶುಭಸಂದೇಶ', ನಮ್ಮ 'ಯೆಹೋವ' ಅಲ್ಲಿ 'ಸರ್ವೇಶ್ವರ'. ಪದ ಬದಲಾದಾಗ ನಾಲಿಗೆ ಎಡವುತ್ತದೆ, ಎಡವಿದಲ್ಲಿ ಮನಸ್ಸು ನಿಲ್ಲುತ್ತದೆ. ಅವರ ಸನ್ಯಾಸಿಗಳು 'ಲೆಕ್ಸಿಯೊ ದಿವಿನಾ' ಎಂಬ ಹೆಸರಿನಲ್ಲಿ ಇದಕ್ಕೆ ಹತ್ತಿರದ ಓದನ್ನು ಶತಮಾನಗಳಿಂದ ಮಾಡುತ್ತ ಬಂದಿದ್ದಾರೆಂದು ಆ ಸ್ನೇಹಿತರೇ ಹೇಳಿ ನನ್ನ ಹೆಮ್ಮೆಯನ್ನು ಕೊಂಚ ಇಳಿಸಿದರು.

ನೂರ ಹತ್ತೊಂಬತ್ತನೆಯ ಕೀರ್ತನೆಯನ್ನು ದಿನಕ್ಕೊಂದು ಖಂಡದಂತೆ, ಇಪ್ಪತ್ತೆರಡು ಖಂಡ, ಖಂಡಕ್ಕೆ ಎಂಟು ವಚನ ಎಂದು ಹಿಡಿದಾಗ ನಾನು ಆರನೆಯ ದಿನಕ್ಕೇ ಬೇಸತ್ತೆ. ಒಂದೇ ಮಾತನ್ನು 176 ಸಲ ಹೇಳಿದಂತೆ ಕಂಡಿತು. ನನ್ನ ಹೆಂಡತಿ ಮಾತ್ರ ಅದನ್ನು ಮುಗಿಸಿ ಮತ್ತೆ ಮೊದಲಿನಿಂದ ತೊಡಗಿದಳು. "ಇದು ಒಗ್ಗರಣಿ ಇದ್ದಂಗರೀ, ದಿನಾ ಅದ ಸಾಸಿವಿ, ಅದ ಕರಿಬೇವು, ಯಾರಿಗಾದ್ರೂ ಬ್ಯಾಸರಾಗೇತೇನು?" ಎಂದಳು. ಆಕೆ ಈಗ ಏಳನೆಯ ಸಲದಲ್ಲಿದ್ದಾಳೆ.

ಖರ್ಚಿನ ಮಾತಿಗೆ ಬಂದರೆ, ಇನ್ನೂರು ಪುಟಗಳ ಉದ್ದ ನೋಟ್‌ಬುಕ್ಕಿಗೆ ಅರವತ್ತು ರೂಪಾಯಿಯ ಆಸುಪಾಸು. ಇದುವರೆಗೆ ಒಂಬತ್ತೋ ಹತ್ತೋ ಆಗಿವೆ. ಇಂಕ್ ಪೆನ್ನು ಬೇಡ. ವಾರ್ನಿಷ್ ಹತ್ತಿದ ಬೆರಳು ತಗುಲಿ ನನ್ನ ಮೊದಲ ನೋಟ್‌ಬುಕ್ಕಿನ ಮೂರನೆಯ ಅಧ್ಯಾಯ ಪೂರ್ತಿ ಕಲಸಿಹೋಗಿದೆ. ಐದು ರೂಪಾಯಿಯ ಬಾಲ್‌ಪೆನ್ನೇ ಸಾಕು.

ಬೇಸಿಗೆಯಲ್ಲಿ ಇದು ನಿಲ್ಲುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಎರಡು ಬೇಸಿಗೆ ನಿಂತಿತು. ಮೂರನೆಯ ಬೇಸಿಗೆಯಲ್ಲಿ, ಬೆಳಗಿನ ಏಳಕ್ಕೇ ಅಂಗಡಿಯ ಮುಂದೆ ನಾಲ್ಕು ಟ್ರ್ಯಾಕ್ಟರು ನಿಂತಿದ್ದ ದಿನ, ಜೇಬಿನಲ್ಲಿದ್ದ ಪಟ್ಟಿ ಆರನೆಯ ಅಧ್ಯಾಯದ ಮೂವತ್ತೊಂದನೆಯ ವಚನದ್ದಾಗಿತ್ತು. ಬರುವವರೂ ಹೋಗುವವರೂ ಬಹಳ ಮಂದಿಯಾಗಿ ಶಿಷ್ಯರಿಗೆ ಊಟಕ್ಕೂ ಬಿಡುವಿಲ್ಲದಿದ್ದಾಗ, ಬನ್ನಿ, ಸ್ವಲ್ಪ ದಣಿವಾರಿಸಿಕೊಳ್ಳಿ ಎಂದು ಯೇಸು ಕರೆಯುವ ಜಾಗ. ಅಂದು ಮಧ್ಯಾಹ್ನ ಶಟರನ್ನು ಅರ್ಧಕ್ಕೆ ಇಳಿಸಿ, ಕೆಲಸದ ಹುಡುಗನೊಂದಿಗೆ ಕೂತು ಬುತ್ತಿ ಉಂಡೆ. ಹೊರಗಿದ್ದವರು ಇಪ್ಪತ್ತು ನಿಮಿಷ ಕಾದರು. ರಾತ್ರಿಯ ಸಾಲಿಗೆ ಅದೇ ಸಾಕಾಯಿತು.

ಈಗ ನಾಲ್ಕನೆಯ ಸುತ್ತು. ಸಭೆಯಲ್ಲಿ ಎಂಟು ಜನ ಇದೇ ರೀತಿ ಬರೆಯುತ್ತಿದ್ದಾರೆ, ನೋಟ್‌ಬುಕ್ ಕೇಳಿದ ಹಿರಿಯರು ಸೇರಿದರೆ ಒಂಬತ್ತು. ಒಂದು ತೊಡಕನ್ನು ಮಾತ್ರ ನನಗೆ ಬಿಡಿಸಲಾಗಿಲ್ಲ. ಯೆರೂಸಲೇಮಿನ ದೇವಾಲಯ ಕೆಡವಲ್ಪಡುವುದನ್ನೂ ಕಡೇ ದಿನಗಳನ್ನೂ ಹೇಳುವ ಹದಿಮೂರನೆಯ ಅಧ್ಯಾಯದ ಮೂವತ್ತೇಳು ವಚನಗಳನ್ನು ನಾನು ಮೂರು ಸಲವೂ ನಕಲು ಮಾಡಿದ್ದೇನೆ, ಎಡಗಡೆಯ ಪುಟಗಳು ತುಂಬಿವೆ. ಬಲಗಡೆ, ಹದಿಮೂರು ದಿನಗಳ ಹದಿಮೂರು ಪುಟಗಳಲ್ಲಿ, ಮೂರು ನೋಟ್‌ಬುಕ್ಕುಗಳಲ್ಲೂ ಒಂದೇ ಒಂದು ಸಾಲಿಲ್ಲ. ಬರುವ ತಿಂಗಳ ಎರಡನೆಯ ವಾರಕ್ಕೆ ಆ ಅಧ್ಯಾಯ ಮತ್ತೆ ಬರುತ್ತದೆ. ಅದಕ್ಕೆಂದು ಹೊಸ ಪೆನ್ನೊಂದನ್ನು ತಂದಿಟ್ಟಿದ್ದೇನೆ.